ಕೋಶಕ್ಕೆ ಇಕ್ಕುವ ಅನ್ನ

ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟು, ಬೆಳಗ್ಗೆ ಗಟ್ಟಿಯಾಗಿ ಕುಳಿತ ಮೊಸರಿನಿಂದ ಒಂದು ಸೌಟು ತೆಗೆದಮೇಲೆ, ಆ ಕುಳಿಯಲ್ಲಿ ತುಸು ಹೊತ್ತಿಗೆ ಎಳೆಹಳದಿಯ ತಿಳಿನೀರು ಬಂದು ನಿಲ್ಲುವುದನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ಈ ತಿಳಿಯನ್ನು ನಮ್ಮ ವೈದ್ಯಗ್ರಂಥಗಳು ‘ಮಸ್ತು’ ಎಂದು ಕರೆದು ಅದರ ಗುಣಗಳನ್ನು ವಿವರಿಸಿವೆ. ಹಾಲೊಡೆದಾಗ ಬೇರ್ಪಡುವ ಇಂಥದೇ ನೀರಿಗೆ ಪ್ರಾಚೀನ ರೋಮನರು ತಮ್ಮ ಲ್ಯಾಟಿನ್ ಭಾಷೆಯಲ್ಲಿ ‘ಸೀರಮ್’ ಎಂದು ಹೆಸರಿಟ್ಟರು. ದೇಹದಿಂದ ಹೊರತೆಗೆದ ರಕ್ತವನ್ನು ಗಾಜಿನ ನಳಿಕೆಯಲ್ಲಿ ಅಲುಗಿಸದೆ ಬಿಟ್ಟರೆ ಅದೂ ಹಾಲಿನಂತೆಯೇ ಹೆಪ್ಪುಗಟ್ಟಿ, ಗರಣೆ ಕೆಳಗೆ ಕುಗ್ಗಿ, ಮೇಲೆ ಎಳೆಹಳದಿಯ ತಿಳಿಯೊಂದು ನಿಲ್ಲುವುದರಿಂದ, ಆ ಹೆಸರೇ ಮುಂದೆ ರಕ್ತದ ತಿಳಿಗೂ ಸಂದಿತು. ಹಾಲಿಗೂ ನೆತ್ತರಿಗೂ ‘ಹೆಪ್ಪು’ ಎಂಬ ಒಂದೇ ಮಾತನ್ನು ಬಳಸುವ ಕನ್ನಡಿಗನಿಗೆ ಈ ನಾಮಾಂತರ ಸೋಜಿಗವೆನಿಸದು.

ಈ ತಿಳಿಯ ವಿಚಾರ ಇಂದು ಏತಕ್ಕೆ ಪ್ರಸ್ತುತವೆಂದರೆ, ಮನುಷ್ಯನ ಕೊಬ್ಬಿನಿಂದ ತೆಗೆದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಪ್ರಯೋಗಶಾಲೆಯಲ್ಲಿ ಬೆಳೆಸಿ, ಸವೆದ ಕೀಲಿಗೂ ಮಾಯದ ಗಾಯಕ್ಕೂ ಮದ್ದಾಗಿ ಬಳಸಬಹುದೆಂಬ ಮಹತ್ತಾದ ಆಶೆಯೊಂದು ಜಗತ್ತಿನಾದ್ಯಂತ ಹಬ್ಬಿದೆ. ಆ ಕೋಶಗಳು ಬಟ್ಟಲಿನಲ್ಲಿ ಬದುಕಿ ಬೆಳೆಯಬೇಕಾದರೆ ಅವುಗಳ ಪೋಷಕದ್ರವಕ್ಕೆ ಯಾವುದಾದರೊಂದು ಸೀರಮ್ಮನ್ನೋ ಅದಕ್ಕೆ ಸಮನಾದ ಮತ್ತೊಂದನ್ನೋ ಬೆರೆಸಲೇಬೇಕು. ಕರುವಿನ ಸೀರಮ್ಮೋ, ಮನುಷ್ಯನ ಸೀರಮ್ಮೋ, ಪ್ಲೇಟ್‌ಲೆಟ್‌ಗಳನ್ನು ಒಡೆದು ತೆಗೆದ ಸಾರವೋ, ಅಥವಾ ಯಾವ ಪ್ರಾಣಿಯ ಸೋಂಕೂ ಇಲ್ಲದ ಕೃತಕ ಮಿಶ್ರಣವೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಡುಗೆಮನೆಯ ಸಾಮಾನಿನ ಪಟ್ಟಿಯಷ್ಟೇ ಕ್ಷುಲ್ಲಕವಾಗಿ ತೋರಬಹುದು. ಆದರೆ ಬೆಳೆದ ಕೋಶದ ಗುಣ, ರೋಗಿಯ ಸುರಕ್ಷತೆ, ವೈದ್ಯನ ಪ್ರಾಮಾಣಿಕತೆ ಈ ಮೂರೂ ಆ ಒಂದು ಆಯ್ಕೆಯಲ್ಲಿ ಹೆಣೆದುಕೊಂಡಿವೆ.

ಮೊದಲು ಕೊಬ್ಬಿನ ಮಾತು. ನಡುವಿನ ಸುತ್ತ ಕೊಬ್ಬು ಶೇಖರವಾಗುವುದನ್ನು ಕಂಡು ಮರುಗುವವರು, ಅದನ್ನು ಎಣ್ಣೆ ತುಂಬಿಟ್ಟ ಜಡವಾದ ಗುಡಾಣವೆಂದೇ ಭಾವಿಸುತ್ತಾರೆ. ಆದರೆ ಮೇದಸ್ಸೆಂಬುದು ರಕ್ತನಾಳಗಳಿಂದಲೂ ಬಗೆಬಗೆಯ ಕೋಶಗಳಿಂದಲೂ ಕೂಡಿದ ಜೀವಂತ ಅಂಗಾಂಶ. 1964ರಲ್ಲಿ ಅಮೆರಿಕದ ಮಾರ್ಟಿನ್ ರಾಡ್‌ಬೆಲ್ ಎಂಬ ವಿಜ್ಞಾನಿ ಇಲಿಯ ಕೊಬ್ಬನ್ನು ಕೊಲಾಜಿನೇಸ್ ಎಂಬ ಕಿಣ್ವದಿಂದ ಕರಗಿಸಿ, ಎಣ್ಣೆ ತುಂಬಿದ ಕೋಶಗಳು ಮೇಲೆ ತೇಲುವಂತೆಯೂ ಉಳಿದ ಕೋಶಗಳು ತಳದಲ್ಲಿ ಮುದ್ದೆಯಾಗಿ ಕೂರುವಂತೆಯೂ ಬೇರ್ಪಡಿಸುವ ವಿಧಾನವನ್ನು ತೋರಿಸಿಕೊಟ್ಟನು. ಆತನ ಲಕ್ಷ್ಯವಿದ್ದುದು ತೇಲಿದುದರ ಮೇಲೆ. ತಳದ ಮುದ್ದೆಯಲ್ಲಿಯೇ ನಿಧಿಯಿದೆಯೆಂಬುದು ಲೋಕಕ್ಕೆ ಮನದಟ್ಟಾಗಲು ಇನ್ನೂ ಮೂರು ದಶಕಗಳಿಗೆ ಮೀರಿದ ಕಾಲ ಹಿಡಿಯಿತು. 2001ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪೆಟ್ರೀಷಿಯ ಝುಕ್ ಮತ್ತು ಅವರ ಸಂಗಡಿಗರು, ದೇಹದ ಅಂದಕ್ಕಾಗಿ ಹೀರಿ ತೆಗೆದು ಎಸೆಯುತ್ತಿದ್ದ ಕೊಬ್ಬಿನಲ್ಲಿ, ತಕ್ಕ ಪ್ರಚೋದನೆ ದೊರೆತರೆ ಮೇದಸ್ಸಾಗಿಯೂ ಮೂಳೆಯಾಗಿಯೂ ಮೃದ್ವಸ್ಥಿಯಾಗಿಯೂ ಪರಿಣಮಿಸಬಲ್ಲ ಕೋಶಗಳಿರುವುದನ್ನು ಪ್ರಕಟಿಸಿದರು. ಮೂಳೆಯ ಮಜ್ಜೆಯಲ್ಲಿಯೂ ಇಂಥ ಕೋಶಗಳುಂಟು. ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960ರ ದಶಕದಲ್ಲಿಯೇ ಅವುಗಳ ಜಾಡು ಹಿಡಿದಿದ್ದನು. ಆದರೆ ಮಜ್ಜೆಗಾಗಿ ಮೂಳೆಗೆ ಸೂಜಿ ಚುಚ್ಚಬೇಕು, ದೊರೆಯುವುದೂ ಅತ್ಯಲ್ಪ. ಕೊಬ್ಬಾದರೋ ಧಾರಾಳವಾಗಿ ದೊರೆಯುತ್ತದೆ, ಕೊಡುವವನಿಗೂ ಕಳೆದುಕೊಂಡ ದುಃಖವಿಲ್ಲ.

ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳನ್ನು ಎಣಿಸಿ, ಮೇದಸ್ಸಿನ ಮುಂದೆ ಅಸ್ಥಿಯನ್ನಿಟ್ಟ ಆಯುರ್ವೇದದ ಕ್ರಮ ಇಲ್ಲಿ ಓದುಗರಿಗೆ ನೆನಪಾದರೆ ತಪ್ಪಿಲ್ಲ. ಆದರೆ ನಮ್ಮ ಹಿರಿಯರು ಆಕರಕೋಶವನ್ನು ಅಂದೇ ಕಂಡಿದ್ದರೆಂದು ಹೆಮ್ಮೆಪಡುವುದು ಅವರಿಗೂ ಗೌರವವಲ್ಲ, ನಮಗೂ ಶೋಭೆಯಲ್ಲ. ಅವರಿಂದ ನಾವು ಇಲ್ಲಿ ಎರವಲು ಪಡೆಯಬಹುದಾದುದು ಒಂದು ಉಪಮೆ. ಆಹಾರರಸದಿಂದ ಧಾತುಗಳು ಹೇಗೆ ಪೋಷಣೆ ಹೊಂದುವುವೆಂಬುದನ್ನು ವಿವರಿಸುವಾಗ ವ್ಯಾಖ್ಯಾನಕಾರರು ‘ಖಲೇಕಪೋತನ್ಯಾಯ’ವನ್ನು ಹೇಳುತ್ತಾರೆ: ಸುಗ್ಗಿಯ ಕಣದಲ್ಲಿ ಬಂದಿಳಿದ ಪಾರಿವಾಳಗಳು ತಮತಮಗೆ ಬೇಕಾದ ಕಾಳನ್ನು ಹೆಕ್ಕಿಕೊಂಡು ಹಾರಿಹೋಗುವಂತೆ, ಒಂದೊಂದು ಧಾತುವೂ ರಸದಿಂದ ತನಗೆ ತಕ್ಕ ಅಂಶವನ್ನು ಆರಿಸಿಕೊಳ್ಳುತ್ತದಂತೆ. ಸೀರಮ್ಮು ಅಂಥದೊಂದು ಕಣ. ಅದರಲ್ಲಿ ಎಷ್ಟು ಬಗೆಯ ಕಾಳಿದೆಯೆಂಬುದನ್ನು ಇಂದಿಗೂ ಪೂರ್ಣವಾಗಿ ಎಣಿಸಿ ಮುಗಿಸಿದವರಿಲ್ಲ; ಕೋಶವೆಂಬ ಪಾರಿವಾಳ ಮಾತ್ರ ತನಗೆ ಬೇಕಾದುದನ್ನು ಹೆಕ್ಕುತ್ತಲೇ ಇರುತ್ತದೆ.

ದೇಹದ ಹೊರಗೆ ಕೋಶವನ್ನು ಬದುಕಿಸುವ ವಿದ್ಯೆ ಹುಟ್ಟಿದಂದಿನಿಂದ ಅದು ರಕ್ತಕ್ಕೆ ಸಂಬಂಧಿಸಿದ ಯಾವುದಾದರೊಂದು ದ್ರವವನ್ನು ಆಶ್ರಯಿಸಿಯೇ ಬಂದಿದೆ. 1907ರಲ್ಲಿ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರತಂತು ದೇಹದ ಹೊರಗೆ ಬೆಳೆಯುವುದನ್ನು ತೋರಿಸಿದಾಗ, ಅದಕ್ಕೆ ಆಸರೆಯಾಗಿದ್ದುದು ಹೆಪ್ಪುಗಟ್ಟಿದ ಕಪ್ಪೆಯ ದುಗ್ಧರಸದ ಒಂದು ಹನಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಅಲೆಕ್ಸಿಸ್ ಕೆರಲ್ 1912ರಲ್ಲಿ ಕೋಳಿಭ್ರೂಣದ ಹೃದಯದಿಂದ ಆರಂಭಿಸಿದ ಕೃಷಿಯೊಂದು 1946ರವರೆಗೂ ನಡೆದು, ಕೋಶಗಳು ಅಮರವೆಂಬ ನಂಬಿಕೆಯನ್ನು ಲೋಕದಲ್ಲಿ ಬೇರೂರಿಸಿತು. 1961ರಲ್ಲಿ ಲೆನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಎಂಬವರು ಮನುಷ್ಯನ ಸಹಜ ಕೋಶಗಳು ಸುಮಾರು 50 ಬಾರಿ ಇಮ್ಮಡಿಸಿದಮೇಲೆ ನಿಂತುಹೋಗುವುವೆಂಬುದನ್ನು ತೋರಿಸಿದಾಗ, ಕೆರಲ್‌ನ ಅಮರತ್ವ ಸಂಶಯಕ್ಕೆ ಒಳಗಾಯಿತು. ಆಗಾಗ್ಗೆ ಆಹಾರವಾಗಿ ಹಾಕುತ್ತಿದ್ದ ಕೋಳಿಭ್ರೂಣದ ಸಾರದೊಡನೆಯೇ ಹೊಸ ಕೋಶಗಳು ಬಂದು ಸೇರಿಕೊಳ್ಳುತ್ತಿದ್ದಿರಬೇಕೆಂದು ಅನೇಕರು ಊಹಿಸಿದರು. ಆ ಊಹೆ ದಿಟವಾದರೆ, ಉಂಡದ್ದನ್ನೇ ಬೆಳೆದದ್ದೆಂದು ಮೂವತ್ತನಾಲ್ಕು ವರ್ಷ ಭ್ರಮಿಸಿದಂತಾಯಿತು! ಅನ್ನವನ್ನು ಅರಿಯದೆ ಕೋಶವನ್ನು ಅರಿಯಲಾಗದು.

1950ರ ದಶಕದಲ್ಲಿ ಹ್ಯಾರಿ ಈಗಲ್ ಎಂಬ ಅಮೆರಿಕದ ವಿಜ್ಞಾನಿ ಈ ಅನ್ನವನ್ನು ಲೆಕ್ಕಕ್ಕೆ ತರಲು ಹೊರಟನು. ಸಕ್ಕರೆ, ಲವಣಗಳು, 13 ಅಮೈನೊ ಆಮ್ಲಗಳು, ಕೆಲವು ಜೀವಸತ್ತ್ವಗಳು ಎಂದು ಕೋಶದ ಕನಿಷ್ಠ ಆವಶ್ಯಕತೆಗಳನ್ನು ಒಂದೊಂದಾಗಿ ಗೊತ್ತುಮಾಡಿ ಆತನು ಸಿದ್ಧಗೊಳಿಸಿದ ಮಾಧ್ಯಮದ ವಂಶಜಗಳೇ ಇಂದಿಗೂ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿರುವುದು. ಆದರೆ ಅಷ್ಟೆಲ್ಲ ಅಳೆದು ಸುರಿದಮೇಲೆಯೂ ತುಸು ಸೀರಮ್ಮನ್ನು ಸೇರಿಸದೆ ಕೋಶಗಳು ಬೆಳೆಯಲೊಲ್ಲವೆಂಬುದನ್ನು ಆತನೂ ಒಪ್ಪಿಕೊಳ್ಳಬೇಕಾಯಿತು. ಮಾಧ್ಯಮ ಅನ್ನವಾದರೆ ಸೀರಮ್ಮು ಬರಿಯ ವ್ಯಂಜನವಲ್ಲ. ಕೋಶ ಬಟ್ಟಲಿನ ತಳಕ್ಕೆ ಅಂಟಿಕೊಳ್ಳಲು ಬೇಕಾದ ಪ್ರೋಟೀನು, ಕಬ್ಬಿಣವನ್ನು ಹೊತ್ತು ತರುವ ಟ್ರಾನ್ಸ್‌ಫೆರಿನ್, ಕೊಬ್ಬಿನಾಮ್ಲಗಳನ್ನು ಸಾಗಿಸುವ ಆಲ್ಬುಮಿನ್, ಹಾರ್ಮೋನುಗಳು, ‘ವಿಭಜಿಸು’ ಎಂದು ಕೋಶಕ್ಕೆ ಆಜ್ಞೆ ಮಾಡುವ ವರ್ಧನಕಾರಕಗಳು, ಇವೆಲ್ಲವೂ ಅದರಲ್ಲಿಯೇ ಇರುವುವು. ಕೋಶಗಳನ್ನು ಬಟ್ಟಲಿನಿಂದ ಬಿಡಿಸಲು ಹಾಕುವ ಟ್ರಿಪ್ಸಿನ್ ಕಿಣ್ವ ಹೆಚ್ಚು ಹೊತ್ತು ನಿಂತರೆ ಕೋಶವನ್ನೇ ಹಾಳುಮಾಡುವುದರಿಂದ, ಅದನ್ನು ತಡೆದು ನಿಲ್ಲಿಸುವ ಕಾವಲುಗಾರನ ಕೆಲಸವೂ ಸೀರಮ್ಮಿನದೇ.

ಇಷ್ಟು ಗುಣಗಳುಳ್ಳ ಸೀರಮ್ಮುಗಳಲ್ಲಿ ಅಗ್ರಪೂಜೆ ಪಡೆದುದು ಹಸುವಿನ ಗರ್ಭದಲ್ಲಿರುವ ಕರುವಿನ ಸೀರಮ್ಮು. ಮಾಂಸಕ್ಕಾಗಿ ಕಡಿದ ಹಸು ಗಬ್ಬವಾಗಿದ್ದುದು ಕಂಡುಬಂದರೆ, ಅದರ ಗರ್ಭದಿಂದ ತೆಗೆದ ಭ್ರೂಣದ ಹೃದಯಕ್ಕೆ ಸೂಜಿ ಚುಚ್ಚಿ ರಕ್ತವನ್ನು ಎಳೆದು, ಹೆಪ್ಪುಗಟ್ಟಿಸಿ, ತಿಳಿಯನ್ನು ಬೇರ್ಪಡಿಸಿ, ಅತಿಸೂಕ್ಷ್ಮ ಸೋಸುಕಗಳ ಮೂಲಕ ಹಾಯಿಸಿ ಘನೀಕರಿಸಿಡುವರು. ತಾಯಿಯ ಪ್ರತಿಕಾಯಗಳು ಹಸುವಿನಲ್ಲಿ ಗರ್ಭದ ತೆರೆಯನ್ನು ದಾಟಿ ಬಾರವು. ಅವು ಕರುವಿಗೆ ದೊರೆಯುವುದು ಹುಟ್ಟಿದಮೇಲೆ ಗಿಣ್ಣದ ಹಾಲಿನಿಂದ. ಆದಕಾರಣ ಭ್ರೂಣದ ಸೀರಮ್ಮಿನಲ್ಲಿ ಪ್ರತಿಕಾಯಗಳು ಅತ್ಯಲ್ಪ, ಬೆಳವಣಿಗೆಗೆ ಉತ್ತೇಜಕವಾದ ದ್ರವ್ಯಗಳು ಸಮೃದ್ಧ. ಕನ್ನಡನಾಡಿನ ಒಕ್ಕಲಿಗನ ಕೊಟ್ಟಿಗೆಗೆ ಚೆನ್ನಾಗಿ ಗೊತ್ತಿರುವ ಗಿಣ್ಣದ ಮಹಿಮೆಯೇ ಇಲ್ಲಿ ವಿಪರೀತವಾದ ಬಗೆಯಿಂದ ಉಪಕಾರಕ್ಕೆ ಬಂದಂತಾಯಿತು. ಅಗ್ಗವಲ್ಲದಿದ್ದರೂ ಬಹುತೇಕ ಎಲ್ಲ ಬಗೆಯ ಕೋಶಗಳಿಗೂ ಒಗ್ಗುವ ಈ ದ್ರವವನ್ನು ನೂರಕ್ಕೆ ಹತ್ತರ ಪ್ರಮಾಣದಲ್ಲಿ ಬೆರೆಸುವುದು ಪ್ರಯೋಗಶಾಲೆಗಳ ರೂಢಿಯಾಗಿಹೋಯಿತು.

ಆದರೆ ಈ ಅಮೃತಕ್ಕೆ ಅಂಟಿದ ದೋಷಗಳು ಅಲ್ಪವಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮಾಡಿದ ಒಂದು ಅಂದಾಜಿನಂತೆ ವರ್ಷಕ್ಕೆ 5 ಲಕ್ಷ ಲೀಟರುಗಳಷ್ಟು ಭ್ರೂಣಸೀರಮ್ಮು ಉತ್ಪನ್ನವಾಗುತ್ತಿತ್ತು. ಅದಕ್ಕಾಗಿ ರಕ್ತ ಕೊಟ್ಟ ಭ್ರೂಣಗಳ ಸಂಖ್ಯೆ 10 ಲಕ್ಷಕ್ಕೂ ಮೀರಿದ್ದಿತು. ಗೋವೆಂದರೆ ಕೈಮುಗಿಯುವ ನಾಡಿನವನಿಗೆ ಈ ಮಾತು ಮನಸ್ಸನ್ನು ಕದಡುವುದು ಸಹಜವೇ. ಹಾಗೆ ಕೈಮುಗಿಯದ ದೇಶಗಳಲ್ಲಿಯೂ, ಆ ಭ್ರೂಣಕ್ಕೆ ನೋವಿನ ಅರಿವುಂಟೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳೇ ಎತ್ತಿ ಚರ್ಚಿಸಿರುವರೆಂಬುದನ್ನು ಮರೆಯಬಾರದು. ಎರಡನೆಯ ದೋಷವೆಂದರೆ ಅಸಮತೆ. ತಾಯಿಹಸು ಮೇದ ಹುಲ್ಲು, ಋತುಮಾನ, ಭ್ರೂಣದ ವಯಸ್ಸು ಇವುಗಳನ್ನು ಅನುಸರಿಸಿ ಒಂದು ಬ್ಯಾಚಿನ ಸೀರಮ್ಮು ಮತ್ತೊಂದರಂತಿರದು. ಇಂದು ಹುಲುಸಾಗಿ ಬೆಳೆದ ಕೋಶ ನಾಳೆ ಹೊಸ ಸೀಸೆಯನ್ನು ತೆರೆದೊಡನೆ ಮುನಿಸಿಕೊಂಡು ಕೂರಬಹುದು. ಮೂರನೆಯದು ರೋಗಭೀತಿ. 1986ರಲ್ಲಿ ಬ್ರಿಟನ್ನಿನ ಹಸುಗಳಲ್ಲಿ ಗುರುತಿಸಲ್ಪಟ್ಟ ‘ಹುಚ್ಚುಹಸು’ ರೋಗ ಮನುಷ್ಯನಿಗೂ ತಗಲಬಹುದೆಂಬುದು 1996ರಲ್ಲಿ ಹೊರಬಿದ್ದಮೇಲೆ, ಆ ರೋಗ ಕಾಣದ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಹಸುಗಳ ಸೀರಮ್ಮಿಗೆ ವಿಶೇಷವಾದ ಬೆಲೆ ಬಂದಿತು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ನಾಲ್ಕನೆಯ ದೋಷವೊಂದುಂಟು. ಕೋಶ ತಾನು ಉಂಡುದನ್ನು ತನ್ನೊಳಗೆ ಉಳಿಸಿಕೊಳ್ಳುತ್ತದೆ. ಮಜ್ಜೆಯಿಂದ ಬೆಳೆಸಿದ 10 ಕೋಟಿ ಮಾನವಕೋಶಗಳ ಒಂದು ಸಾಧಾರಣ ಪ್ರಮಾಣದಲ್ಲಿ 7ರಿಂದ 30 ಮಿಲಿಗ್ರಾಮಿನಷ್ಟು ಕರುವಿನ ಪ್ರೋಟೀನು ಸೇರಿಕೊಂಡಿರುವುದೆಂದು 2004ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಎಷ್ಟು ತೊಳೆದರೂ ಅದು ಸುಲಭವಾಗಿ ಬಿಟ್ಟುಹೋಗದು. ಮರುವರ್ಷ ಕ್ಯಾಲಿಫೋರ್ನಿಯದ ಇನ್ನೊಂದು ತಂಡ, ಮನುಷ್ಯನ ಶರೀರ ತಾನಾಗಿ ಉತ್ಪಾದಿಸದ, ಅನ್ಯಪ್ರಾಣಿಗಳಲ್ಲಿ ಮಾತ್ರ ಇರುವ ಒಂದು ಬಗೆಯ ಸಯಾಲಿಕ್ ಆಮ್ಲವನ್ನು, ಪ್ರಾಣಿಜನ್ಯ ಆಹಾರ ಉಂಡ ಮಾನವಭ್ರೂಣದ ಆಕರಕೋಶಗಳು ತಮ್ಮ ಮೈಮೇಲೆ ಧರಿಸಿಕೊಳ್ಳುವುದನ್ನು ತೋರಿಸಿತು. ಮನುಷ್ಯರ ರಕ್ತದಲ್ಲಿ ಈ ಆಮ್ಲಕ್ಕೆ ವಿರೋಧಿಯಾದ ಪ್ರತಿಕಾಯಗಳು ಮೊದಲೇ ಇರುವುದರಿಂದ, ತನ್ನದೇ ಕೋಶವನ್ನು ಮರಳಿ ಪಡೆದ ರೋಗಿಯ ದೇಹ ಅದನ್ನು ಪರಕೀಯವೆಂದು ಬಗೆದು ಹೊಡೆದೋಡಿಸುವ ಸಂಭವವುಂಟು. ತವರಿಗೆ ಮರಳಿದ ಮಗಳನ್ನು, ಆಕೆ ಉಟ್ಟು ಬಂದ ಪರದೇಶದ ಸೀರೆಯನ್ನು ನೋಡಿ ಬಾಗಿಲಲ್ಲೇ ತಡೆದ ಹಾಗೆ!

ಹಾಗಾದರೆ ಮನುಷ್ಯನ ಕೋಶಕ್ಕೆ ಮನುಷ್ಯನದೇ ಸೀರಮ್ಮನ್ನು ಉಣಿಸಬಾರದೇ ಎಂದರೆ, ಉಣಿಸಬಹುದು. ಕೊಬ್ಬಿನ ಕೋಶಗಳು ಅದರಲ್ಲಿ ಚೆನ್ನಾಗಿಯೇ ಬೆಳೆಯುವುವು. ರೋಗಿಯ ಸ್ವಂತ ರಕ್ತದಿಂದ ತೆಗೆದುದಾದರೆ ಪರಕೀಯತೆಯ ಭಯ ಸಂಪೂರ್ಣವಾಗಿ ನಿವಾರಣೆಯಾದಂತೆಯೇ ಸರಿ. ಆದರೆ ಕೋಟಿಗಟ್ಟಲೆ ಕೋಶಗಳನ್ನು ವಾರಗಟ್ಟಲೆ ಪೋಷಿಸಬೇಕಾದಷ್ಟು ಸೀರಮ್ಮನ್ನು, ಮೊದಲೇ ಬಳಲಿದ ರೋಗಿಯೊಬ್ಬನ ಮೈಯಿಂದ ಎಳೆಯುವುದು ಹೇಗೆ? ಆತನ ವಯಸ್ಸೂ ವ್ಯಾಧಿಯೂ ಸೇವಿಸುವ ಔಷಧಗಳೂ ಆ ತಿಳಿಯಲ್ಲಿ ಬೆರೆತೇ ಬರುವುವಷ್ಟೆ. ಹಲವು ದಾನಿಗಳ ಸೀರಮ್ಮನ್ನು ಕೂಡಿಸುವುದಾದರೆ, ಎ ಮತ್ತು ಬಿ ಗುಂಪುಗಳಿಗೆ ವಿರೋಧಿಯಾದ ಪ್ರತಿಕಾಯಗಳಿಲ್ಲದ ಎಬಿ ಗುಂಪಿನವರನ್ನೇ ಆರಿಸುವುದು ವಾಡಿಕೆ. ಆ ಗುಂಪಿನವರಾದರೋ ವಿರಳ. ರೋಗಾಣುಗಳ ಪರೀಕ್ಷೆಯ ಹೊರೆಯೂ ಇದರೊಡನೆ ಬರುತ್ತದೆ.

ಇಲ್ಲಿ ಒಂದು ಸ್ವಾರಸ್ಯವಾದ ಕಥೆಯನ್ನು ಹೇಳಬೇಕು. ರಕ್ತವನ್ನು ಹೆಪ್ಪುಗಟ್ಟದಂತೆ ತಡೆದು ತೆಗೆದ ದ್ರವ ಪ್ಲಾಸ್ಮ. ಹೆಪ್ಪುಗಟ್ಟಲು ಬಿಟ್ಟು ತೆಗೆದುದು ಸೀರಮ್ಮು. ಪ್ಲಾಸ್ಮದಲ್ಲಿ ಅಷ್ಟಾಗಿ ವೃದ್ಧಿಯಾಗದ ಕೋಶಗಳು ಸೀರಮ್ಮಿನಲ್ಲಿ ಹುಲುಸಾಗುವುದೇಕೆಂಬ ಒಗಟನ್ನು 1974ರಲ್ಲಿ ಸಿಯಾಟಲಿನ ರಸೆಲ್ ರಾಸ್ ಮತ್ತು ಸಂಗಡಿಗರು ಬಿಡಿಸಿದರು. ಗಾಯವಾದಲ್ಲಿಗೆ ಮೊದಲು ಧಾವಿಸುವ ಪ್ಲೇಟ್‌ಲೆಟ್‌ಗಳೆಂಬ ಕಿರುಬಿಲ್ಲೆಗಳು ಹೆಪ್ಪುಗಟ್ಟುವ ಸಮಯದಲ್ಲಿ ತಮ್ಮ ಒಡಲಿನ ಕಣಜಗಳನ್ನು ಒಡೆದು ವರ್ಧನಕಾರಕಗಳನ್ನು ಸುರಿಯುವುವು. ಸೀರಮ್ಮಿನ ಶಕ್ತಿಯಲ್ಲಿ ಬಹುಪಾಲು ಅವುಗಳದ್ದೇ. ಗಾಯ ಮಾಯಬೇಕಾದರೆ ಸುತ್ತಣ ಕೋಶಗಳು ಬೆಳೆದು ತೆರಪನ್ನು ತುಂಬಬೇಕಷ್ಟೆ. ಪ್ಲೇಟ್‌ಲೆಟ್ ಒಂದು ಕೈಯಿಂದ ನೆತ್ತರನ್ನು ಕಟ್ಟಿ, ಮತ್ತೊಂದರಿಂದ ಕೋಶಗಳನ್ನು ಕರೆಯುತ್ತದೆ. ಹಾಗಿದ್ದಮೇಲೆ ಕರುವಿನ ಹೆಪ್ಪಿನ ತಿಳಿಗಾಗಿ ದೇಶಾಂತರ ಅಲೆಯುವ ಬದಲು, ಮನುಷ್ಯನ ಪ್ಲೇಟ್‌ಲೆಟ್‌ಗಳನ್ನೇ ಒಡೆದು ಅವುಗಳ ಕಣಜವನ್ನು ಸೂರೆಮಾಡಬಾರದೇಕೆ? ಈ ಆಲೋಚನೆಯ ಫಲವೇ ಪ್ಲೇಟ್‌ಲೆಟ್ ಲೈಸೇಟ್ ಎಂಬ ಸಾರ. 2005ರಲ್ಲಿ ಫ್ರಾನ್ಸಿನ ಸಂಶೋಧಕರು ಅದನ್ನು ಕರುವಿನ ಸೀರಮ್ಮಿಗೆ ಸುರಕ್ಷಿತವಾದ ಪ್ರತಿನಿಧಿಯೆಂದು ಮುಂದಿಟ್ಟರು.

ಡೆಂಗಿಯ ಋತುವಿನಲ್ಲಿ ರಕ್ತನಿಧಿಗಳ ಬಾಗಿಲಲ್ಲಿ ಕಾದು ನಿಂತ ಕನ್ನಡಿಗರಿಗೆ ಪ್ಲೇಟ್‌ಲೆಟ್ಟಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಅದೇ ಪ್ಲೇಟ್‌ಲೆಟ್, 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸದಾ ತೂಗಾಡಿಸುತ್ತ ಇಟ್ಟರೂ ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ನಿಲ್ಲದು. ಅಷ್ಟರಲ್ಲಿ ರೋಗಿಗೆ ಸಲ್ಲದಿದ್ದರೆ ತ್ಯಾಜ್ಯವೇ ಸರಿ. ಹೀಗೆ ಅವಧಿ ಮೀರಿದ ಚೀಲಗಳನ್ನು ಹಲವು ದಾನಿಗಳಿಂದ ಕೂಡಿಹಾಕಿ, ಕೊರೆಯುವ ಶೈತ್ಯದಲ್ಲಿ ಘನೀಕರಿಸಿ, ಮತ್ತೆ ಮೈಬಿಸಿಯಷ್ಟು ಶಾಖದಲ್ಲಿ ಕರಗಿಸಿ, ಹೀಗೆ ಎರಡು ಮೂರು ಸಲ ಮಾಡಿದರೆ ಪ್ಲೇಟ್‌ಲೆಟ್‌ಗಳ ಪೊರೆ ಹರಿದು ಒಳಗಿನ ಸಂಪತ್ತೆಲ್ಲ ದ್ರವಕ್ಕೆ ಬರುತ್ತದೆ. ಚೂರುಗಳನ್ನು ತಿರುಗುಯಂತ್ರದಿಂದ ಬೇರ್ಪಡಿಸಿದರೆ ಉಳಿಯುವುದೇ ಲೈಸೇಟು. ಕೊಬ್ಬಿನ ಆಕರಕೋಶಗಳಿಗೆ ಇದು ಬಲು ರುಚಿಸುತ್ತದೆ. ನೂರಕ್ಕೆ ಐದರಷ್ಟೇ ಬೆರೆಸಿದರೂ, ನೂರಕ್ಕೆ ಹತ್ತು ಕರುವಿನ ಸೀರಮ್ಮಿನಲ್ಲಿ ಬೆಳೆದುವಕ್ಕಿಂತ ಅವು ತ್ವರಿತವಾಗಿ ವೃದ್ಧಿಹೊಂದುವುದನ್ನು ಅನೇಕ ಪ್ರಯೋಗಶಾಲೆಗಳು ಕಂಡಿವೆ. ಕರುವಿನ ಸೀರಮ್ಮಿನಲ್ಲಿ ಅಗಲವಾಗಿ ಹರಡಿಕೊಳ್ಳುವ ಕೋಶ ಇದರಲ್ಲಿ ಕದಿರಿನಂತೆ ಸಣಕಲಾಗಿ ನೀಳವಾಗಿ ಕಾಣುತ್ತದೆ. ವೇಗದ ಈ ಭೇದ ಎಷ್ಟು ದೊಡ್ಡದೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ: ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುವ ಕೋಶಸಮೂಹ ಹನ್ನೆರಡು ದಿನದಲ್ಲಿ 16 ಪಟ್ಟಾದರೆ, ಎರಡು ದಿನಕ್ಕೊಮ್ಮೆ ಇಮ್ಮಡಿಸುವುದು 64 ಪಟ್ಟಾಗುತ್ತದೆ.

ಹಾಗೆಂದು ಲೈಸೇಟನ್ನು ನಿರ್ದೋಷವೆಂದು ಭಾವಿಸಬಾರದು. ಅದರಲ್ಲಿ ಹೆಪ್ಪುಗಟ್ಟುವ ಫೈಬ್ರಿನೊಜನ್ ಉಳಿದಿರುವುದರಿಂದ, ಕ್ಯಾಲ್ಸಿಯಮ್ ಇರುವ ಮಾಧ್ಯಮಕ್ಕೆ ಸುರಿದೊಡನೆ ಇಡೀ ಬಟ್ಟಲು ಗಂಜಿಯ ಕೆನೆಯಂತೆ ಗಡ್ಡೆಕಟ್ಟಿಬಿಡಬಹುದು. ಅದನ್ನು ತಡೆಯಲು ಹೆಪಾರಿನ್ ಸೇರಿಸುವುದು ಸಾಮಾನ್ಯ ಪರಿಹಾರ. ಆ ಹೆಪಾರಿನ್ನೋ ಬಹುಮಟ್ಟಿಗೆ ಹಂದಿಯ ಕರುಳಿನಿಂದ ತೆಗೆದುದು! ಹಸುವನ್ನು ಮುಂಬಾಗಿಲಿನಿಂದ ಹೊರಗಟ್ಟಿ ಹಂದಿಯನ್ನು ಹಿತ್ತಿಲಿನಿಂದ ಒಳಕರೆದ ಈ ವಿಪರ್ಯಾಸವನ್ನು ಕಂಡು, ಈಚೆಗೆ ಫೈಬ್ರಿನೊಜನ್ನನ್ನೇ ಮೊದಲು ಹೆಪ್ಪುಗಟ್ಟಿಸಿ ತೆಗೆದುಹಾಕಿದ ಲೈಸೇಟುಗಳೂ ಬಳಕೆಗೆ ಬಂದಿವೆ. ಹೆಚ್ಚು ದಾನಿಗಳನ್ನು ಕೂಡಿಸಿದಷ್ಟೂ ಬ್ಯಾಚಿನಿಂದ ಬ್ಯಾಚಿಗೆ ಸಮತೆ ಹೆಚ್ಚುತ್ತದೆ. ಆದರೆ ಒಬ್ಬನ ಸೋಂಕು ಎಲ್ಲಕ್ಕೂ ತಗಲುವ ಅಪಾಯವೂ ಜೊತೆಗೇ ಹೆಚ್ಚುತ್ತದೆ. ಆದಕಾರಣ ರೋಗಾಣುನಾಶದ ಸಂಸ್ಕಾರಗಳು ಇಲ್ಲಿ ಅನಿವಾರ್ಯ.

ಇನ್ನುಳಿದುದು ಸೀರಮ್ಮೇ ಇಲ್ಲದ ಹಾದಿ. ಸೀರಮ್ಮಿನ ಬದಲು ತಕ್ಕ ಹಾರ್ಮೋನುಗಳನ್ನು ಅಳೆದು ಹಾಕಿ ಕೋಶಗಳನ್ನು ಬೆಳೆಸಬಹುದೆಂಬುದನ್ನು 1976ರಲ್ಲಿಯೇ ಗಾರ್ಡನ್ ಸಾಟೊ ಮತ್ತು ಆತನ ಸಹೋದ್ಯೋಗಿ ತೋರಿಸಿಕೊಟ್ಟರು. ಇನ್ಸುಲಿನ್, ಟ್ರಾನ್ಸ್‌ಫೆರಿನ್, ಸೆಲೀನಿಯಮ್, ಆರಿಸಿದ ವರ್ಧನಕಾರಕಗಳು, ಇಷ್ಟನ್ನು ನಿಷ್ಕರ್ಷೆಯಿಂದ ಬೆರೆಸಿದ ಮಾಧ್ಯಮದಲ್ಲಿ ಬ್ಯಾಚುಗಳ ಜಗಳವಿಲ್ಲ, ಕಸಾಯಿಖಾನೆಯ ನೆನಪಿಲ್ಲ, ರೋಗದ ಭಯ ಕಡಮೆ. ಆದರೆ ಸೀರಮ್ಮು ಸದ್ದಿಲ್ಲದೆ ಮಾಡುತ್ತಿದ್ದ ಊಳಿಗಗಳನ್ನೆಲ್ಲ ಇಲ್ಲಿ ನಾವೇ ಮಾಡಬೇಕಾಗುತ್ತದೆ: ಕೋಶ ಅಂಟಿಕೊಳ್ಳಲೆಂದು ಬಟ್ಟಲಿನ ತಳಕ್ಕೆ ಫೈಬ್ರೊನೆಕ್ಟಿನ್‌ನಂಥ ಪ್ರೋಟೀನನ್ನು ಬಳಿಯಬೇಕು, ಟ್ರಿಪ್ಸಿನ್ನನ್ನು ತಡೆಯಲು ಸೋಯಾಬೀನಿನಿಂದ ತೆಗೆದ ಪ್ರತಿರೋಧಕವನ್ನು ಹಾಕಬೇಕು. ಮಾರಾಟಕ್ಕೆ ಬರುವ ಇಂಥ ಮಾಧ್ಯಮಗಳಲ್ಲಿ ಅನೇಕವುಗಳ ಪಾಕವಿಧಾನ ವ್ಯಾಪಾರದ ಗುಟ್ಟಾಗಿರುವುದರಿಂದ, ಬಟ್ಟಲಿನಲ್ಲಿ ಏನಿದೆಯೆಂಬುದು ತಯಾರಕನಿಗೆ ಮಾತ್ರ ಗೊತ್ತು. ಅಜ್ಞಾತವನ್ನು ಕಳೆಯಲೆಂದು ಹೊರಟವನು ಮತ್ತೊಬ್ಬನ ಗುಟ್ಟಿಗೆ ಕಟ್ಟುಬಿದ್ದಂತೆ.

ಹಾಗಾದರೆ ಆರಿಸುವುದು ಹೇಗೆ? ಉತ್ತರ ಇಷ್ಟೇ: ಕೋಶ ಏತಕ್ಕಾಗಿ ಬೆಳೆಯುತ್ತಿದೆಯೆಂಬುದನ್ನು ಮೊದಲು ನಿಶ್ಚಯಿಸಬೇಕು. ಕೋಶದ ಸ್ವಭಾವವನ್ನು ಅಭ್ಯಸಿಸಲು, ಹಿಂದಿನವರ ಫಲಿತಾಂಶದೊಡನೆ ತನ್ನದನ್ನು ಹೋಲಿಸಲು ಹೊರಟ ವಿದ್ಯಾರ್ಥಿಗೆ ಕರುವಿನ ಸೀರಮ್ಮು ಇನ್ನೂ ಉಪಯುಕ್ತವೇ. ಝುಕ್ ಅವರ ಕಾಲದಿಂದ ರಾಶಿಬಿದ್ದ ಬಹುಪಾಲು ಜ್ಞಾನ ಆ ಅನ್ನವನ್ನುಂಡ ಕೋಶಗಳಿಂದಲೇ ಬಂದುದು. ಮನುಷ್ಯನ ದೇಹಕ್ಕೆ ಮರಳಬೇಕಾದ ಕೋಶಕ್ಕಾದರೋ ಪ್ಲೇಟ್‌ಲೆಟ್ ಲೈಸೇಟನ್ನೋ ಪರೀಕ್ಷಿತವಾದ ಸೀರಮ್‌ರಹಿತ ಮಾಧ್ಯಮವನ್ನೋ ಆರಿಸುವುದು ವಿವೇಕ. ಅದನ್ನೂ ಚಿಕಿತ್ಸೆಯ ದಿನ ಸಮೀಪಿಸಿದಾಗ ಅಲ್ಲ, ಸಂಶೋಧನೆಯ ಮೊದಲ ದಿನದಿಂದಲೇ ಹಿಡಿಯಬೇಕು. ಏಕೆಂದರೆ ಅನ್ನ ಬದಲಾದರೆ ಕೋಶವೂ ಬದಲಾಗುತ್ತದೆ. ಕರುವಿನ ಸೀರಮ್ಮಿನಲ್ಲಿ ಬೆಳೆದ ಕೋಶದ ಮೇಲೆ ಪಡೆದ ಪ್ರಮಾಣಪತ್ರವನ್ನು ಲೈಸೇಟಿನಲ್ಲಿ ಬೆಳೆದ ಕೋಶದ ಕೊರಳಿಗೆ ಕಟ್ಟಲಾಗದು.

ಯಾವುದನ್ನು ಆರಿಸಿದರೂ ಬ್ಯಾಚಿನ ಪರೀಕ್ಷೆ ತಪ್ಪದು. ಮಾರುವವರಿಂದ ಮೂರು ನಾಲ್ಕು ಬ್ಯಾಚುಗಳ ಮಾದರಿಯನ್ನು ತರಿಸಿ, ಒಬ್ಬನಿಗಿಂತ ಹೆಚ್ಚು ದಾನಿಗಳ ಕೋಶಗಳನ್ನು ಒಂದೊಂದರಲ್ಲಿಯೂ ಕೆಲವು ಪೀಳಿಗೆಗಳ ಕಾಲ ಬೆಳೆಸಿ ನೋಡಬೇಕು. ಒಂದೇ ವಾರದ ಭರಾಟೆಯನ್ನು ನಂಬಬಾರದು. ಮೊದಲು ಓಡಿ ಬೇಗ ಮುದಿಯಾಗುವ ಕೋಶಗಳೂ ಉಂಟು. ವಿರಳವಾಗಿ ಬಿತ್ತಿದ ಕೋಶಗಳಿಂದ ಎಷ್ಟು ಗುಂಪುಗಳು ಮೊಳೆತುವೆಂದು ಎಣಿಸಬೇಕು. ಕೊಬ್ಬಾಗುವಂತೆ ಪ್ರಚೋದಿಸಿದಾಗ ಆಯಿಲ್ ರೆಡ್ ಬಣ್ಣಕ್ಕೆ ಎಣ್ಣೆಹನಿಗಳು ಕೆಂಪೇರುವುವೇ, ಮೂಳೆಯಾಗುವಂತೆ ಪ್ರಚೋದಿಸಿದಾಗ ಅಲಿಜರಿನ್ ಬಣ್ಣಕ್ಕೆ ಸುಣ್ಣದ ಕಣಗಳು ಕೆಂಪಾಗುವುವೇ, ಮೃದ್ವಸ್ಥಿಯ ಹಾದಿ ಹಿಡಿದುವು ಆಲ್ಸಿಯನ್ ಬಣ್ಣಕ್ಕೆ ನೀಲಿಯಾಗುವುವೇ ಎಂದು ಪರಿಶೀಲಿಸಬೇಕು. ಅಂತರರಾಷ್ಟ್ರೀಯ ಕೋಶಚಿಕಿತ್ಸಾ ಸಂಘ 2006ರಲ್ಲಿ ಗೊತ್ತುಪಡಿಸಿದ ಮೇಲ್ಮೈ ಗುರುತುಗಳು, ಅಂದರೆ ಸಿಡಿ 73, ಸಿಡಿ 90, ಸಿಡಿ 105 ಎಂಬವು, ನೂರಕ್ಕೆ 95ರಷ್ಟಾದರೂ ಕೋಶಗಳಲ್ಲಿರುವುವೇ ಎಂದು ನೋಡಬೇಕು. ಈ ಪರೀಕ್ಷೆಗಳಲ್ಲಿ ಗೆದ್ದ ಬ್ಯಾಚನ್ನು, ಕೈಗೊಂಡ ಕಾರ್ಯ ಮುಗಿಯುವವರೆಗೆ ಸಾಲುವಷ್ಟು ಒಟ್ಟಿಗೇ ಕಾದಿರಿಸಿ, ಸಣ್ಣ ಸೀಸೆಗಳಲ್ಲಿ ಹಂಚಿ ಘನೀಕರಿಸಿಡಬೇಕು. ಪದೇಪದೇ ಕರಗಿಸಿ ಗಟ್ಟಿಮಾಡುವುದರಿಂದ ಸಾರ ಕೆಡುತ್ತದೆ. ಬೀಜದ ಭತ್ತವನ್ನು ಮೊಳಕೆ ಕಟ್ಟಿ ನೋಡದೆ ಗದ್ದೆಗೆ ಚೆಲ್ಲದ ರೈತನ ಜಾಣತನಕ್ಕಿಂತ ಹೆಚ್ಚಿನದೇನನ್ನೂ ಇಲ್ಲಿ ವಿಜ್ಞಾನ ಕೇಳುತ್ತಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆಯೂ ಸಿದ್ಧಿ ಸುಲಭವಲ್ಲವೆಂಬುದಕ್ಕೆ ಒಂದು ನಿದರ್ಶನವುಂಟು. ಕ್ರೋನ್ಸ್ ಎಂಬ ಕರುಳಿನ ರೋಗದಿಂದಾಗುವ ಭಗಂದರಕ್ಕೆ, ಅನ್ಯದಾನಿಗಳ ಕೊಬ್ಬಿನಿಂದ ಬೆಳೆಸಿದ 12 ಕೋಟಿ ಆಕರಕೋಶಗಳ ಔಷಧವೊಂದು 2018ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆಯಿತು. ಅನಂತರದ ದೊಡ್ಡ ಪ್ರಯೋಗದಲ್ಲಿ ಅದರ ಗುಣ ಸ್ಥಾಪಿತವಾಗದಿದ್ದುದರಿಂದ 2024ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಲಾಯಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಕೆಲವು ರಕ್ತಸಂಬಂಧಿ ರೋಗಗಳಿಗೆ ಮಾಡುವ ರಕ್ತೋತ್ಪಾದಕ ಆಕರಕೋಶಗಳ ಕಸಿಯೊಂದೇ ರೂಢಿಯ ಚಿಕಿತ್ಸೆ. ಉಳಿದುವೆಲ್ಲ ಅನುಮತಿ ಪಡೆದ ಪ್ರಯೋಗದ ಪರಿಮಿತಿಯಲ್ಲಿಯೇ ನಡೆಯತಕ್ಕವು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಸಿದ್ಧಪಡಿಸಿದ, ಔಷಧ ನಿಯಂತ್ರಕರ ಸಮ್ಮತಿ ಪಡೆದ ಕೋಶೌಷಧವುಂಟಾದರೂ ಅದು ಮೂಳೆಮಜ್ಜೆಯ ಕೋಶಗಳದು, ಕೊಬ್ಬಿನದಲ್ಲ; ಅದೂ ವರ್ಷಗಟ್ಟಲೆ ಪ್ರಯೋಗ ಪರೀಕ್ಷೆಗಳನ್ನು ಹಾದು ಬಂದುದು.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆ ಕೋಶಕ್ಕೂ ಸಲ್ಲುತ್ತದೆ. ಆದರೆ ಕೋಶಕ್ಕೆ ತನ್ನ ಊಟವನ್ನು ತಾನೇ ಆರಿಸುವ ಸ್ವಾತಂತ್ರ್ಯವಿಲ್ಲ, ಬಡಿಸುವವನು ಬಲ್ಲವನಾಗಿರಬೇಕು. ಹೊಟ್ಟೆಯ ಕೊಬ್ಬನ್ನು ತೆಗೆದು, ಅದರ ಕೋಶಗಳನ್ನು ಬೆಳೆಸಿ, ಮೊಣಕಾಲಿಗೋ ಬೆನ್ನುಹುರಿಗೋ ಚುಚ್ಚಿ ವಾಸಿಮಾಡುತ್ತೇವೆಂದು ಯಾರಾದರೂ ನಿಮಗೆ ಭರವಸೆ ಕೊಟ್ಟರೆ, ಶುಲ್ಕವೆಷ್ಟೆಂದು ವಿಚಾರಿಸುವ ಮೊದಲು ಎರಡು ಮಾತನ್ನು ಕೇಳಿರಿ: ಈ ಚಿಕಿತ್ಸೆಗೆ ಸರ್ಕಾರದ ಅನುಮತಿಯುಂಟೇ? ಈ ಕೋಶಗಳು ಏನನ್ನುಂಡು ಬೆಳೆದುವು? ಎರಡಕ್ಕೂ ಬರಹದಲ್ಲಿ ಉತ್ತರ ದೊರೆಯದಿದ್ದರೆ, ಕೈಮುಗಿದು ಎದ್ದು ಬನ್ನಿರಿ.